ಕಟ್ಟಡದ ಮಾತು ಕೊನೆಗಿರಲಿ, ಅಕ್ಕಾ

ಚಾಪೆಲ್ ಹಿಲ್, ನಾರ್ತ್ ಕೆರೊಲಿನಾ
ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಾನು ಚೆನ್ನಾಗಿದ್ದೇನೆ. ಇಲ್ಲಿ ಈಗ ಪೈನ್ ಮರಗಳ ಪರಾಗ ಉದುರುವ ಕಾಲ. ಬೆಳಿಗ್ಗೆ ಎದ್ದು ನೋಡಿದರೆ ಕಾರು, ಮೆಟ್ಟಿಲು, ಕಿಟಕಿ ಎಲ್ಲಾ ಹಳದಿ. ಗಣಿ ಜೋರಾಗಿದ್ದ ದಿನಗಳಲ್ಲಿ ಸಂಡೂರು ರಸ್ತೆಯ ಮರಗಳು ಕೆಂಪಗೆ ನಿಂತಿರುತ್ತಿದ್ದವಲ್ಲ, ಅದೇ ನೆನಪಾಗುತ್ತದೆ. ಸೀನು ಬಿಟ್ಟರೆ ಬೇರೆ ತೊಂದರೆ ಇಲ್ಲ. ಊಟ ಸರಿಯಾಗಿ ಮಾಡ್ತಿದ್ದೇನೆ ಅಂತ ಅಮ್ಮನಿಗೆ ಹೇಳು. ಜೋಳದ ಹಿಟ್ಟು ಸಿಕ್ಕಿದೆ, ರೊಟ್ಟಿ ಮಾತ್ರ ಹಂಚಿಗೆ ಹಾಕುವ ಮೊದಲೇ ಹರಿಯುತ್ತದೆ.

ನೀನು ವಾಟ್ಸಾಪಿನಲ್ಲಿ ಕಳಿಸಿದ ಮನವಿ ಪತ್ರವನ್ನು ಎರಡು ಸಲ ಓದಿದೆ. ಕೃಷ್ಣದೇವರಾಯ ಯೂನಿವರ್ಸಿಟಿಯವರು ಬಳ್ಳಾರಿಯಲ್ಲಿ ಆಟಿಸಂ ಇರುವವರಿಗೆ ಒಂದು ಕೇಂದ್ರ ಶುರು ಮಾಡಬೇಕು ಅಂತ ನೀವು 12 ಜನ ತಂದೆತಾಯಿ ಸೇರಿ ಬರೆದದ್ದು. 'ನಿನ್ನ ಯೂನಿವರ್ಸಿಟಿಯಲ್ಲಿ ಇಂಥದ್ದು ಇದೆಯಂತೆ, ತಿಳ್ಕೊಂಡು ಬರೆ' ಅಂದಿದ್ದೆ. ಫೋನಿನಲ್ಲಿ ನನಗೆ ಅರ್ಧ ಮಾತು ಬಾಯಲ್ಲೇ ಉಳಿಯುತ್ತದೆ. ಅದಕ್ಕೇ ಈ ಪತ್ರ.

ಮೊದಲು ಒಂದು ತಕರಾರು. ನಿಮ್ಮ ಮನವಿ ಶುರುವಾಗುವುದೇ '20 ಕೊಠಡಿಗಳ ಸುಸಜ್ಜಿತ ಕಟ್ಟಡ, ಎಸಿ ಥೆರಪಿ ಹಾಲ್, ವಿದೇಶಿ ಉಪಕರಣಗಳು' ಅಂತ. ಇದು ಭಾವನ ಕೈಬರಹ ಅಂತ ತಕ್ಷಣ ಗೊತ್ತಾಯಿತು. ಜೀನ್ಸ್ ಯೂನಿಟ್ ಹಾಕಿದಾಗಲೂ ಮಿಷನ್ ಬರುವ ಮೊದಲೇ ಬೋರ್ಡ್ ಬರೆಸಿದವರು ಅವರು. ಕಟ್ಟಡದ ಸಾಲನ್ನು ಕೊನೆಗೆ ತಳ್ಳು ಅಕ್ಕಾ. ಯಾಕೆ ಅಂತ ಹೇಳ್ತೀನಿ.

ಇಲ್ಲಿಯ ಕೇಂದ್ರಕ್ಕೆ ಟೀಚ್ ಅಂತ ಹೆಸರು. ಶುರು ಮಾಡಿದವರು ಎರಿಕ್ ಶಾಪ್ಲರ್ ಮತ್ತು ರಾಬರ್ಟ್ ರೈಕ್ಲರ್. 1960ರ ದಶಕದಲ್ಲಿ ಅದು ಯೂನಿವರ್ಸಿಟಿಯೊಳಗೆ ನಡೆದ ಒಂದು ಪ್ರಯೋಗ, ಅಷ್ಟೇ. ಕೆಲವು ವರ್ಷಕ್ಕೆ ಅಂತ ಅಮೆರಿಕದ ಕೇಂದ್ರ ಸರ್ಕಾರ ದುಡ್ಡು ಕೊಟ್ಟಿತ್ತು. ದುಡ್ಡು ಮುಗಿಯುತ್ತಾ ಬಂತು. ಆಗ ಶಾಸಕರ ಬೆನ್ನು ಹತ್ತಿದವರು ಪ್ರೊಫೆಸರುಗಳಿಗಿಂತ ಜಾಸ್ತಿ ಆ ಮಕ್ಕಳ ತಂದೆತಾಯಿಗಳು. 1972ರಲ್ಲಿ ಇಲ್ಲಿಯ ಶಾಸನಸಭೆ ಅದನ್ನು ಇಡೀ ರಾಜ್ಯದ ಕಾರ್ಯಕ್ರಮ ಮಾಡಿತು. ಈಗ ರಾಜ್ಯದ 7 ಊರುಗಳಲ್ಲಿ ಅದರ ಕೇಂದ್ರಗಳಿವೆ. ಹನ್ನೆರಡು ಜನ ಹೋಗಿ ಏನು ಮಾಡ್ತೀರಿ ಅಂತ ಪಕ್ಕದ ಮನೆಯವರು ನಕ್ಕರು ಅಂದೆಯಲ್ಲ, ಅವರಿಗೆ ಇದನ್ನು ಹೇಳು.

ಇನ್ನೊಂದು ವಿಷಯವಿದೆ. ಇದನ್ನು ಅಮ್ಮನ ಎದುರಿಗೇ ಓದು. ಆಟಿಸಂ ಬಗ್ಗೆ ಲಿಯೋ ಕ್ಯಾನರ್ ಅನ್ನುವ ಡಾಕ್ಟರು 11 ಮಕ್ಕಳನ್ನು ನೋಡಿ ಬರೆದದ್ದು 1943ರಲ್ಲಿ. ಅದಾದ ಮೇಲೆ ಎಷ್ಟೋ ವರ್ಷ ಇಲ್ಲಿಯ ದೊಡ್ಡ ದೊಡ್ಡವರೇ ತಾಯಂದಿರ ತಲೆಗೆ ಕಟ್ಟಿದರು. ಮಗು ಹೀಗಾಗಿದ್ದು ತಾಯಿಗೆ ಪ್ರೀತಿ ಇಲ್ಲದ್ದಕ್ಕೆ ಅಂತ. 'ಫ್ರಿಜ್ಜಿನಂಥ ತಾಯಿ' ಅಂತ ಹೆಸರು ಬೇರೆ! ಶಿಕಾಗೋ ಯೂನಿವರ್ಸಿಟಿಯ ಬ್ರೂನೋ ಬೆಟಲ್‌ಹೈಮ್ ಇದನ್ನು ಊರೆಲ್ಲ ಸಾರಿದವರಲ್ಲಿ ಮುಖ್ಯ. ಅದೇ ಶಿಕಾಗೋದಲ್ಲಿ ಓದಿ ಬಂದ ಶಾಪ್ಲರ್ ಇದು ಸುಳ್ಳು ಅಂದರು. ಬರ್ನಾರ್ಡ್ ರಿಮ್ಲೆಂಡ್ ಅಂತ ಇನ್ನೊಬ್ಬರು, ಅವರ ಮಗನಿಗೇ ಆಟಿಸಂ ಇತ್ತು. ಇದು ಮಿದುಳಿನ ಬೆಳವಣಿಗೆಯ ವಿಷಯ, ತಾಯಿಯ ತಪ್ಪಲ್ಲ ಅಂತ 1964ರಲ್ಲಿ ಅವರು ಪುಸ್ತಕವನ್ನೇ ಬರೆದರು.

ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 2019ರಲ್ಲಿ ದುರ್ಗಮ್ಮನ ಸಿಡಿಬಂಡಿ ಜಾತ್ರೆಗೆ ನಾವೆಲ್ಲ ಹೋಗಿದ್ದು ನೆನಪಿದೆಯಾ? ಹಲಗೆ ಸದ್ದಿಗೆ ನಿನ್ನ ಮಗ ಚಿನ್ನು ಕಿವಿ ಮುಚ್ಚಿಕೊಂಡು ನೆಲದ ಮೇಲೆ ಬಿದ್ದು ಹೊರಳಾಡಿದ. ಜನ ಸುತ್ತ ನಿಂತು ನೋಡ್ತಿದ್ದರು. ಅವರೆಲ್ಲರ ಎದುರಿಗೆ 'ಮೊಬೈಲ್ ಕೊಟ್ಟು ಕೊಟ್ಟು ನೀನೇ ಹಿಂಗ್ ಮಾಡಿದಿ' ಅಂದವನು ನಾನು. ಅಮ್ಮ ಹೌದು ಹೌದು ಅಂದಳು. ನೀನು ಒಂದು ಮಾತೂ ಆಡಲಿಲ್ಲ. ಜನರ ಕಾಲುಗಳ ನಡುವೆ ಬಗ್ಗಿ ಅವನ ಇನ್ನೊಂದು ಚಪ್ಪಲಿ ಹುಡುಕ್ತಿದ್ದೆ. ತಪ್ಪಾಯ್ತು ಅಕ್ಕಾ. ಆರು ವರ್ಷ ತಡ ಮಾಡಿ ಹೇಳ್ತಿದ್ದೇನೆ.

ಟೀಚ್‌ನವರು ಶುರುವಿನಲ್ಲಿ ಮಾಡಿದ್ದು ಏನು ಗೊತ್ತಾ? ತಂದೆತಾಯಿಯನ್ನು ಬಾಗಿಲ ಹೊರಗೆ ಕೂರಿಸಲಿಲ್ಲ. ಒಂದು ಕಡೆಯಿಂದ ಮಾತ್ರ ಕಾಣುವ ಗಾಜಿನ ಹಿಂದೆ ನಿಲ್ಲಿಸಿ, ಮಗುವಿಗೆ ಹೇಗೆ ಕಲಿಸ್ತೇವೆ ನೋಡಿ ಅಂದರು. ಅದನ್ನೇ ಮನೆಯಲ್ಲಿ ಮಾಡಿ ಅಂತ ಹೇಳಿಕೊಟ್ಟು ಕಳಿಸಿದರು. ನೀನು ಹೋಗ್ತಿದ್ದ ಥೆರಪಿ ಜಾಗದಲ್ಲಿ ಮುಕ್ಕಾಲು ಗಂಟೆ ಬಾಗಿಲು ಹಾಕಿಕೊಂಡು, ಹೊರಗೆ ಬಂದು 'ಇವತ್ತು ಓಕೆ' ಅಂತಿದ್ದರಲ್ಲ. ಅಲ್ಲಿ ನಡೆಯದೇ ಇದ್ದದ್ದು ಇದೇ. ಮನವಿಯ ಮೊದಲ ಸಾಲು ಇದಾಗಲಿ: ನಮ್ಮನ್ನು ಒಳಗೆ ಬಿಡಿ.

ಇನ್ನು ಕಣ್ಣಾರೆ ಕಂಡದ್ದು. ನಮ್ಮ ಲ್ಯಾಬಿನ ಸಹೋದ್ಯೋಗಿಯೊಬ್ಬರ ಮಗನಿಗೆ ಆಟಿಸಂ ಇದೆ. ವಯಸ್ಸು ಹನ್ನೊಂದು, ಮಾತು ಕಮ್ಮಿ. ಹೋದ ಶನಿವಾರ ಊಟಕ್ಕೆ ಕರೆದಿದ್ದರು. ಅವನ ಮೇಜು ಗೋಡೆಗೆ ಮುಖ ಮಾಡಿದೆ. ಎದುರಿಗೆ ಕಿಟಕಿ ಇಲ್ಲ, ಚಿತ್ರ ಇಲ್ಲ, ಬರೀ ಗೋಡೆ. ಎಡಕ್ಕೆ ಮೂರು ಬುಟ್ಟಿ, ಬಲಕ್ಕೆ ಒಂದು ದೊಡ್ಡ ಡಬ್ಬ. ಮೊದಲ ಬುಟ್ಟಿ ಎಳೆದುಕೊಂಡ. ಅದರಲ್ಲಿ ಕೆಂಪು, ನೀಲಿ ಬಟನ್ನುಗಳು. ಬಣ್ಣ ನೋಡಿ ಎರಡು ಬಟ್ಟಲಿಗೆ ಹಾಕಿದ. ಮುಗಿದದ್ದೇ ಬುಟ್ಟಿ ಸಮೇತ ಬಲಗಡೆ ಡಬ್ಬಕ್ಕೆ ಹೋಯಿತು. ಆಮೇಲೆ ಎರಡನೆಯದು, ಆಮೇಲೆ ಮೂರನೆಯದು. ಎಡಗಡೆ ಖಾಲಿಯಾಯಿತು ಅಂದರೆ ಕೆಲಸ ಮುಗಿಯಿತು. ಏನು ಮಾಡಬೇಕು, ಎಷ್ಟು ಮಾಡಬೇಕು, ಯಾವಾಗ ಮುಗಿಯುತ್ತದೆ, ಮುಂದೇನು ಅನ್ನುವುದು ಅವನಿಗೆ ಕಣ್ಣಿಗೇ ಕಾಣುತ್ತದೆ. ಯಾರೂ 'ಮಾಡು ಮಾಡು' ಅಂತ ಬೆನ್ನ ಹಿಂದೆ ನಿಲ್ಲಬೇಕಿಲ್ಲ. ಮೂರೂ ಮುಗಿದ ಮೇಲೆ ಗೋಡೆ ಮೇಲಿನ ಪಟ್ಟಿಯಿಂದ ಒಂದು ಚೀಟಿ ಚರ್ ಅಂತ ಕಿತ್ತ. ಅದರಲ್ಲಿ ಜೋಕಾಲಿಯ ಚಿತ್ರ. ಹಿತ್ತಲಿಗೆ ಓಡಿದ. ಇಷ್ಟಕ್ಕೆ ಬೇಕಾದದ್ದು ಬುಟ್ಟಿ, ಚೀಟಿ, ಶಾಲೆ ಬ್ಯಾಗಿಗೆ ಇರುತ್ತದಲ್ಲ ಆ ವೆಲ್ಕ್ರೋ ಪಟ್ಟಿ. ವಿದೇಶಿ ಉಪಕರಣ ಇಷ್ಟೇ ಅಂತ ಭಾವನಿಗೆ ಹೇಳು.

ಬಟನ್ ಅಂದಾಗ ನೆನಪಾಯಿತು. ಚಿನ್ನುಗೆ 12 ಆಯಿತು. ಇನ್ನು ಆರು ವರ್ಷಕ್ಕೆ ದೊಡ್ಡವನು. ನಿಮ್ಮ ಮನವಿಯಲ್ಲಿ ಬರೀ ಮಕ್ಕಳ ಮಾತಿದೆ. ಟೀಚ್‌ನವರು ಪಿಟ್ಸ್‌ಬರೋ ಕಡೆ ದೊಡ್ಡವರಿಗಾಗಿಯೇ ಒಂದು ಜಾಗ ಮಾಡಿದರು, ಅಲ್ಲೇ ವಾಸ, ಅಲ್ಲೇ ತೋಟದ ಕೆಲಸ. ನಮ್ಮೂರಿಗೆ ತೋಟ ಬೇಡ. ಜೀನ್ಸ್ ಇದೆಯಲ್ಲ! ಉಳಿದ ದಾರ ಕತ್ತರಿಸುವುದು, ಸೈಜ್ ನೋಡಿ ಜೋಡಿಸುವುದು, ಎಣಿಸಿ ಕಟ್ಟು ಕಟ್ಟುವುದು. ಚಿನ್ನು ಈಗಲೂ ಭಾವನ ಯೂನಿಟ್ಟಿಗೆ ಹೋದರೆ ಬಟನ್ ಡಬ್ಬಿ ಬಿಟ್ಟು ಏಳಲ್ಲ. ಮಿಷನ್ ಸದ್ದು ಅವನಿಗೆ ಆಗಲ್ಲ, ಹಿಂದಿನ ಕೋಣೆ ಕೊಡಬೇಕು. ಎಲ್ಲ ಮಕ್ಕಳಿಗೂ ಇದೇ ಹಿಡಿಸುತ್ತದೆ ಅಂತಲ್ಲ. ಯಾರಿಗೆ ಯಾವ ಕೆಲಸ, ಎಷ್ಟು ಹೊತ್ತು, ಯಾವ ಕೋಣೆ ಅಂತ ನೋಡಿ ಹೇಳುವವರು ಬೇಕು. ಕೇಂದ್ರ ಬೇಕಾಗಿರುವುದು ಅದಕ್ಕೆ.

ಓದುವ ಮಕ್ಕಳೂ ಇದ್ದಾರೆ. 2016ರ ಕಾನೂನಿನ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ. ಸರ್ಟಿಫಿಕೇಟಿನಲ್ಲಿ ಅಂಗವೈಕಲ್ಯ ಶೇ. 40 ಅಥವಾ ಜಾಸ್ತಿ ಇರುವವರಿಗೆ ಸರ್ಕಾರಿ ಕಾಲೇಜು, ಯೂನಿವರ್ಸಿಟಿಗಳಲ್ಲಿ ಶೇ. 5 ಸೀಟು ಇಡಲೇಬೇಕು. ಸೀಟು ಸಿಕ್ಕಿತು ಅಂದುಕೋ. ಹಾಸ್ಟೆಲ್ ಮೆಸ್ಸಿನ ಗದ್ದಲದಲ್ಲಿ ಆ ಹುಡುಗ ಹೇಗೆ ಉಣ್ಣಬೇಕು? ಪರೀಕ್ಷೆ ಹಾಲ್ ಇದ್ದಕ್ಕಿದ್ದಂತೆ ಬದಲಾದರೆ ಯಾರಿಗೆ ಹೇಳಬೇಕು? ರಿಜಿಸ್ಟ್ರಾರ್ ಎದುರಿಗೆ ಈ ಪ್ರಶ್ನೆ ಇಡಿ. ಇದು ದಾನ ಕೇಳುವುದಲ್ಲ, ಅವರದೇ ವಿದ್ಯಾರ್ಥಿಗಳ ವಿಷಯ.

ಭಾಷೆಯ ಬಗ್ಗೆ ನೀವು ಏನೂ ಬರೆದಿಲ್ಲ. ನನಗೆ ಅದು ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಬೆಂಗಳೂರಿನ ಕ್ಲಿನಿಕ್ಕೊಂದರಲ್ಲಿ 'ಇವನ ಜೊತೆ ಇಂಗ್ಲಿಷ್ ಒಂದೇ ಮಾತಾಡಿ, ಇಲ್ಲದಿದ್ದರೆ ಗೊಂದಲ ಆಗುತ್ತದೆ' ಅಂದಿದ್ದರಲ್ಲ? ಮೂರು ತಿಂಗಳು ಅಮ್ಮ ಮೊಮ್ಮಗನ ಜೊತೆ ಮಾತೇ ಬಿಟ್ಟಿದ್ದಳು. ತಟ್ಟೆ ಇಟ್ಟು ಸುಮ್ನೆ ಎದ್ದು ಹೋಗ್ತಿದ್ದಳು. ಎರಡು ಭಾಷೆ ಕೇಳಿ ಬೆಳೆದರೆ ಇಂಥ ಮಕ್ಕಳ ಮಾತು ಹಿಂದೆ ಬೀಳುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ, ಹಲವು ಅಧ್ಯಯನಗಳು ಅದನ್ನೇ ಹೇಳುತ್ತವೆ. ನಮ್ಮ ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಯೂನಿಟ್ಟಿನಲ್ಲಿ ಉರ್ದು. ಈ ಮೂರೂ ಗೊತ್ತಿರುವ ಕಲಿಸುವವರು ಬೇರೆ ಕಡೆಯಿಂದ ಬರಲ್ಲ, ನಮ್ಮೂರಲ್ಲೇ ತಯಾರಾಗಬೇಕು. ಆದ್ದರಿಂದ ಎರಡನೇ ಸಾಲು: ಭಾರತೀಯ ಪುನರ್ವಸತಿ ಮಂಡಳಿ ಒಪ್ಪಿದ ವಿಶೇಷ ಶಿಕ್ಷಣದ ಕೋರ್ಸ್ ಬಳ್ಳಾರಿಯಲ್ಲೇ ಬೇಕು. ಊರಲ್ಲೇ ಮೆಡಿಕಲ್ ಕಾಲೇಜಿದೆ, ಅವರೂ ಸೇರಲಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ತರಬೇತಿಗೆ ಅವರನ್ನು ಕೇಳಬಹುದು. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಮಗುವನ್ನು ಕಟ್ಟಿಕೊಂಡು ಅಲ್ಲಿಗೆ ನೀವು ಹೋಗುವ ಬದಲು ಅಲ್ಲಿಯವರು ನಾಲ್ಕು ಸಲ ಬಳ್ಳಾರಿಗೆ ಬರಲಿ. ಇದಕ್ಕೆಲ್ಲ ಯೂನಿವರ್ಸಿಟಿಯ ಎರಡು ಖಾಲಿ ಕೋಣೆ ಸಾಕು.

ಮನವಿ ತಿದ್ದಿ ಮತ್ತೆ ಕಳಿಸು, ನೋಡ್ತೀನಿ. ದುಡ್ಡಿನ ಅಂಕಿ ಸದ್ಯಕ್ಕೆ ಬರೆಯಬೇಡಿ.

ಚಿನ್ನುಗೆ ಆ ಹುಡುಗನ ಗೋಡೆಯ ಮೇಲಿದ್ದಂಥದ್ದೇ ಒಂದು ಚಿತ್ರದ ಪಟ್ಟಿ ಮಾಡ್ತಿದ್ದೇನೆ, ಊರಿಗೆ ಬರುವವರ ಕೈಯಲ್ಲಿ ಕಳಿಸ್ತೀನಿ. ಅಂಗಡಿಯಲ್ಲಿ ಸಿಗುವ ಚಿತ್ರಗಳಲ್ಲಿ ಎಲ್ಲಾ ಬಿಳಿ ಮಕ್ಕಳು, ಎಲ್ಲರ ಕೈಯಲ್ಲೂ ಬ್ರೆಡ್. ಅವು ಬೇಡ. ನಮ್ಮ ಮನೆಯದ್ದೇ ಫೋಟೊ ಬೇಕು. ಅವನ ಬ್ರಷ್ಷು, ಬಚ್ಚಲಿನ ನೀಲಿ ಬಕೆಟ್ಟು, ರೊಟ್ಟಿ ಬುಟ್ಟಿ, ಶಾಲೆ ಆಟೋ, ಬಟನ್ ಡಬ್ಬಿ. ಒಂದು ಫೋಟೊದಲ್ಲಿ ಒಂದೇ ವಸ್ತು ಇರಲಿ, ಹಿಂದೆ ಏನೂ ಕಾಣಬಾರದು. ಅಮ್ಮನದ್ದೂ ಒಂದು ಬೇಕು, ಎಣ್ಣೆ ಬಟ್ಟಲು ಹಿಡಿದುಕೊಂಡಿರಲಿ. ಸಂಜೆಯ ಚೀಟಿಗೆ. ಅವನು ತಲೆ ಮುಟ್ಟಲು ಬಿಡುವುದು ಅವಳಿಗೊಬ್ಬಳಿಗೇ ಅಲ್ವಾ.

ನಿನ್ನ ತಮ್ಮ