ಅಪ್ಪನಿಗೆ, ದೋಹಾದಿಂದ: ಫೈನಲ್ ಸೋತ ನಮ್ಮ ತಂಡದ ಬಗ್ಗೆ

ದೋಹಾ
7 ನವೆಂಬರ್ 2016

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾನಿಲ್ಲಿ ಚೆನ್ನಾಗಿದ್ದೇನೆ. ನೀವು, ಅಮ್ಮ, ಪುಟ್ಟು ಎಲ್ಲರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಅಮ್ಮ ಕಳಿಸಿದ ಚಟ್ನಿಪುಡಿ ಬಂದು ಸೇರಿದೆ ಅಂತ ಹೇಳಿಬಿಡಿ. ಬಿಸಿಲು ಈಗ ಇಳಿದಿದೆ, ಸಂಜೆ ಹೊತ್ತು ಹೊರಗೆ ಓಡಾಡಬಹುದು.

ಶನಿವಾರ ರಾತ್ರಿ ಮ್ಯಾಚ್ ಮುಗಿದ ಮೇಲೆ ನೀವು ಫೋನಿನಲ್ಲಿ "ಅಷ್ಟು ದೂರ ಹೋಗಿ ಸೋತ್ರಲ್ಲಮ್ಮ, ಬಿಡು" ಅಂದು ಇಟ್ಟುಬಿಟ್ಟಿರಿ. ನಿಮಗೆ ಬೇಜಾರಾಗಿತ್ತು, ಗೊತ್ತು. ಆದರೆ ಬಿಡೋಕೆ ನನಗೆ ಮನಸ್ಸಿಲ್ಲ. ಏಷ್ಯಾದ ಕ್ಲಬ್ಬುಗಳ ಈ ಎಎಫ್‌ಸಿ ಕಪ್‌ನಲ್ಲಿ ಬೆಂಗಳೂರು ಎಫ್‌ಸಿ ಫೆಬ್ರವರಿಯಿಂದ ಆಡಿಕೊಂಡು ಬಂದದ್ದನ್ನೆಲ್ಲ ಒಂದು ಗೋಲಿನಿಂದ ಅಳೆಯಬಾರದು. ಇದನ್ನು ಫೋನಿನಲ್ಲಿ ಹೇಳಿದರೆ ನೀವು ಮಧ್ಯದಲ್ಲೇ ಮಾತು ತಿರುಗಿಸುತ್ತೀರಿ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಶುರು ಹೇಗಿತ್ತು ನೆನಪಿದೆಯಾ? ಲಾವೋಸ್‌ಗೆ ಹೋಗಿ ಲಾವೋ ಟೊಯೋಟಾ ಎದುರು ಸೋತರು. ಮಲೇಷ್ಯಾದ ಜೊಹೋರ್ ತಂಡದ ಎದುರು ಬೆಂಗಳೂರಲ್ಲೂ ಸೋತರು, ಅಲ್ಲಿಗೆ ಹೋಗಿಯೂ ಸೋತರು. ಮಯನ್ಮಾರ್‌ನ ಅಯೆಯವಾಡಿ ಎದುರು ಗೆದ್ದದ್ದರಿಂದ ಉಳಿದುಕೊಂಡರು. ಗುಂಪಿನಲ್ಲಿ ಎರಡನೇ ಸ್ಥಾನ. ಎರಡನೆಯವರಾಗಿ ಬಂದರೆ ಮುಂದಿನ ಸುತ್ತು ಎದುರಾಳಿಯ ಊರಿನಲ್ಲೇ ಆಡಬೇಕು, ಅದೂ ಒಂದೇ ಮ್ಯಾಚ್. ಹಾಗಾಗಿ ಮೇ ತಿಂಗಳಲ್ಲಿ ಹಾಂಕಾಂಗ್‌ಗೆ ಹೋಗಿ ಕಿಚೀ ಎದುರು ಆಡಿದರು. 3-2ರಿಂದ ಗೆದ್ದು ಬಂದರು. ಹಿಂದಿನ ವರ್ಷ ಇದೇ ಸುತ್ತಿನಲ್ಲಿ ಹಾಂಕಾಂಗ್‌ನದೇ ಇನ್ನೊಂದು ತಂಡ, ಸೌತ್ ಚೈನಾ, ತನ್ನ ಊರಿನಲ್ಲೇ ನಮ್ಮವರನ್ನು ಹೊರಗೆ ಹಾಕಿತ್ತು.

ಆಮೇಲೆ ಕೋಚೇ ಬದಲಾದರು. ಎರಡು ಸಲ ದೇಶದ ಐ-ಲೀಗ್ ಗೆದ್ದುಕೊಟ್ಟ ಆಶ್ಲಿ ವೆಸ್ಟ್‌ವುಡ್ ಹೋದರು, ಸ್ಪೇನ್‌ನ ಆಲ್ಬರ್ಟ್ ರೋಕಾ ಬಂದರು. ಬಾರ್ಸಿಲೋನಾದಲ್ಲಿ ರೈಕಾರ್ಡ್ ಜೊತೆ ಸಹಾಯಕ ಕೋಚ್ ಆಗಿದ್ದವರು ಅವರು. ಟೂರ್ನಿಯ ನಡುವೆ ಕೋಚ್ ಬದಲಾದರೆ ತಂಡ ಕಲಸುಮೇಲೋಗರ ಆಗುತ್ತದೆ ಅಂತ ನೀವೇ ಹೇಳಿದ್ದಿರಿ. ಆಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಸಿಂಗಪುರದ ಟ್ಯಾಂಪಿನೀಸ್ ರೋವರ್ಸ್ ಅನ್ನು ಕಂಠೀರವದಲ್ಲಿ 1-0 ಸೋಲಿಸಿ, ಅಲ್ಲಿ ಹೋಗಿ ಗೋಲು ಬಿಟ್ಟುಕೊಡದೆ ಬಂದರು. ಇಷ್ಟೆಲ್ಲ ಆಗುವಾಗ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ತಯಾರಿ ಬೇರೆ ನಡೆಯುತ್ತಿತ್ತು. ಅಲ್ಲಿ ಹಣ ಜಾಸ್ತಿ, ಜನ ಜಾಸ್ತಿ, ಟಿವಿ ಜಾಸ್ತಿ. ನಮ್ಮ ನಾಯಕ ಸುನಿಲ್ ಛೆಟ್ರಿ ಮುಂಬೈ ತಂಡಕ್ಕೆ, ವಿನೀತ್ ಕೇರಳ ತಂಡಕ್ಕೆ ಹೋಗಬೇಕಾದವರು. ಆದರೂ ಇದು ಮುಗಿಯುವ ತನಕ ಇಲ್ಲೇ ನಿಂತರು. ಅದೇನು ಸಣ್ಣ ವಿಷಯ ಅಲ್ಲ, ಅಪ್ಪ.

ಸೆಮಿಫೈನಲ್‌ಗೆ ಮತ್ತೆ ಅದೇ ಜೊಹೋರ್. ಹೋದ ವರ್ಷದ ಚಾಂಪಿಯನ್ನರು. ಆ ರಾಜ್ಯದ ಯುವರಾಜನ ಕ್ಲಬ್ಬು, ದುಡ್ಡಿಗೆ ಬರ ಇಲ್ಲ. ಅಲ್ಲಿ ಹೋಗಿ 1-1 ಮಾಡಿಕೊಂಡು ಬಂದಾಗಲೇ ನನಗೆ ಏನೋ ಆಗುತ್ತದೆ ಅನ್ನಿಸಿತ್ತು. ಶಿಲ್ಲಾಂಗ್ ಹುಡುಗ ಯೂಜೀನ್ಸನ್ ಲಿಂಗ್ಡೋ ಹೊಡೆದ ಗೋಲು ಅದು. ಅಕ್ಟೋಬರ್ 19ರಂದು ಕಂಠೀರವದಲ್ಲಿ ಎರಡನೇ ಮ್ಯಾಚ್. ನನಗೆ ಆವತ್ತು ವಾರ್ಡ್‌ನಲ್ಲಿ ಡ್ಯೂಟಿ. ಪುಟ್ಟು ಸ್ಟೇಡಿಯಂನಿಂದ ವಾಯ್ಸ್ ಮೆಸೇಜ್ ಕಳಿಸುತ್ತಿದ್ದ. ಮೊದಲನೆಯದರಲ್ಲಿ ಬರೀ "ಅಕ್ಕಾ, ಹಾಕ್ಬಿಟ್ರು" ಅಂತ ಇತ್ತು. ಯಾರು ಹಾಕಿದರು ಅಂತ ಹೇಳಿರಲಿಲ್ಲ. ಧ್ವನಿ ಕೇಳಿದರೇ ಗೊತ್ತಾಯಿತು, ಜೊಹೋರ್‌ನವರು. 11ನೇ ನಿಮಿಷ. ಆಮೇಲೆ 41ನೇ ನಿಮಿಷಕ್ಕೆ ಛೆಟ್ರಿ ಹೆಡ್ಡರ್. ಪುಟ್ಟು ಹೇಳುವುದು ಕೇಳಿಸಲೇ ಇಲ್ಲ, ಸುತ್ತ ಇದ್ದವರ ಕೂಗು ಮಾತ್ರ. ಛೆಟ್ರಿಯ ಎರಡನೇ ಗೋಲನ್ನು ನಾನು ಆಮೇಲೆ ಮೊಬೈಲ್‌ನಲ್ಲಿ ಎಷ್ಟು ಸಲ ನೋಡಿದೆನೋ. ಪೆನಾಲ್ಟಿ ಬಾಕ್ಸ್ ಹೊರಗಿಂದ, ಅಷ್ಟು ದೂರದಿಂದ ಹೊಡೆದದ್ದು. ಗೋಲ್‌ಕೀಪರ್ ಪೂರ್ತಿ ಹಾರಿದರೂ ಕೈಗೆ ಸಿಗಲಿಲ್ಲ. ಕೊನೆಗೆ ನಮ್ಮ ಡಿಫೆಂಡರ್ ಹುವಾನಾನ್ ಇನ್ನೊಂದು ಹಾಕಿ 3-1. ಇದುವರೆಗೆ ಗೋವಾದ ಡೆಂಪೊ 2008ರಲ್ಲಿ, ಈಸ್ಟ್ ಬೆಂಗಾಲ್ 2013ರಲ್ಲಿ ಸೆಮಿಫೈನಲ್ ತನಕ ಬಂದಿದ್ದವು. ಅಲ್ಲಿಂದ ಮುಂದೆ ನಮ್ಮ ದೇಶದ ಯಾವ ಕ್ಲಬ್ಬೂ ಹೋಗಿರಲಿಲ್ಲ. ಹುಟ್ಟಿ ಮೂರೇ ವರ್ಷದ ಬೆಂಗಳೂರಿನ ಕ್ಲಬ್ಬು ಹೋಯಿತು. ಫೈನಲ್ ಎಲ್ಲಿ ಅಂದರೆ, ನಾನಿರುವ ಊರಲ್ಲೇ!

ಶನಿವಾರ ಡ್ಯೂಟಿ ಬದಲಾಯಿಸಿಕೊಂಡು, ಇಲ್ಲಿನ ನಮ್ಮ ಹುಡುಗಿಯರ ಜೊತೆ ಸುಹೈಮ್ ಬಿನ್ ಹಮದ್ ಸ್ಟೇಡಿಯಂಗೆ ಹೋದೆ. ದೊಡ್ಡ ಸ್ಟೇಡಿಯಂ ಏನಲ್ಲ. ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ, ಹಾಗಾಗಿ ಆಟಗಾರರು ಸ್ವಲ್ಪ ದೂರ ಕಾಣುತ್ತಾರೆ. ನಮ್ಮ ಕಡೆ ಕನ್ನಡದವರಿಗಿಂತ ಮಲಯಾಳಿಗಳೇ ಜಾಸ್ತಿ. ವಿನೀತ್, ರಿನೊ ಆಂಟೊ ಇಬ್ಬರೂ ಕೇರಳದವರಲ್ವಾ. ನನ್ನ ಹಿಂದೆ ಕೂತಿದ್ದವರು ಕೋಝಿಕ್ಕೋಡ್ ಕಡೆಯ ಒಬ್ಬರು ಡ್ರೈವರ್. ಕೆಲಸದ ಯೂನಿಫಾರ್ಮ್ ಮೇಲೆಯೇ ನೀಲಿ ಜರ್ಸಿ ಹಾಕಿಕೊಂಡು ಬಂದಿದ್ದರು. "ಬೆಂಗಳೂರು, ಬೆಂಗಳೂರು" ಅಂತ ಅವರು ಕೂಗಲು ಶುರು ಮಾಡಿದರೆ ಇಡೀ ಸಾಲು ಕೂಗುತ್ತಿತ್ತು. ರಾಜ್ಯೋತ್ಸವ ಆಗಿ ನಾಲ್ಕೇ ದಿನ ಆಗಿತ್ತು. ಹಳದಿ ಕೆಂಪು ಬಾವುಟಗಳು ಅಲ್ಲಲ್ಲಿ ಕಾಣುತ್ತಿದ್ದವು.

ಎದುರು ಕಡೆ ಇರಾಕಿನವರು. ಅವರ ಬಗ್ಗೆ ನಿಮಗೆ ಹೇಳಲೇಬೇಕು. ಆ ತಂಡದ ಹೆಸರು ಅಲ್ ಖುವಾ ಅಲ್ ಜವಿಯಾ, ಇರಾಕಿನ ವಾಯುಪಡೆಯ ಕ್ಲಬ್ಬು, 1931ರಿಂದ ಇದೆ. ನಿಮ್ಮ ಎಚ್‌ಎಎಲ್ ತಂಡದ ಹಾಗೆ ವಿಮಾನದ ನಂಟಿನವರೇ. ಅವರ ದೇಶದಲ್ಲಿ ಪರಿಸ್ಥಿತಿ ಸರಿಯಿಲ್ಲದ್ದರಿಂದ ತಮ್ಮ ಊರಿನಲ್ಲಿ ಮ್ಯಾಚ್ ಆಡೋ ಹಾಗಿಲ್ಲ. ದೋಹಾವನ್ನೇ ಮನೆಯಂಗಳ ಅಂದುಕೊಂಡು ಆಡಿದವರು. ಮೋಸುಲ್‌ನಲ್ಲಿ ಈಗ ಯುದ್ಧ ನಡೆಯುತ್ತಿದೆ. ಅಲ್ಲಿನ ಕುಟುಂಬಗಳು ಇಲ್ಲಿಗೂ ಬಂದು ಸೇರಿವೆ, ನಮ್ಮ ಆಸ್ಪತ್ರೆಗೂ ಬರುತ್ತಾರೆ. ಶನಿವಾರ ಅವರು ಡೋಲು ಬಡಿದುಕೊಂಡು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ಆ ಮುಖಗಳಲ್ಲಿ ಅಷ್ಟು ಖುಷಿಯನ್ನು ನಾನು ನೋಡಿರಲಿಲ್ಲ. ಇರಾಕಿನ ಕ್ಲಬ್ಬೊಂದು ಈ ಕಪ್ ಗೆದ್ದದ್ದು ಇದೇ ಮೊದಲು. ನಾವು ಗೆಲ್ಲಬೇಕು ಅಂತ ನನಗೆ ಎಷ್ಟೇ ಇದ್ದರೂ, ಅವರ ಮೇಲೆ ಸಿಟ್ಟು ಬರಲಿಲ್ಲ.

ಆಟದ ಬಗ್ಗೆ ನೀವೂ ಟಿವಿಯಲ್ಲಿ ನೋಡಿದ್ದೀರಿ. ನನಗೆ ಅನ್ನಿಸಿದ್ದು ಇಷ್ಟು. ನಮ್ಮ ಗೋಲ್‌ಕೀಪರ್ ಅಮ್ರಿಂದರ್ ಸೆಮಿಫೈನಲ್‌ನಲ್ಲಿ ಹಳದಿ ಕಾರ್ಡ್ ತಿಂದು ಫೈನಲ್‌ಗೆ ಇಲ್ಲ ಅನ್ನುವುದೇ ದೊಡ್ಡ ಏಟು. ಬದಲಿಗೆ ಬಂದ ಮಿಜೋರಾಂ ಹುಡುಗ ಲಾಲ್‌ಥುವಮ್ಮಾವಿಯಾ ರಾಲ್ಟೆ ಹೆದರದೆ ನಿಂತ. ಒಂದು ಗಂಟೆ ಹೊತ್ತು ನಮ್ಮ ಡಿಫೆನ್ಸ್ ಸೀಳಲು ಅವರಿಗೆ ಆಗಲಿಲ್ಲ. 71ನೇ ನಿಮಿಷ ಅಮ್ಜದ್ ರಾಧಿ ಚೆಂಡು ಒಳಗೆ ತಂದು ಕೊಟ್ಟ, ಹಮ್ಮಾದಿ ಅಹ್ಮದ್ ತಳ್ಳಿದ. ಈ ಟೂರ್ನಿಯೊಂದರಲ್ಲೇ 16 ಗೋಲು ಹೊಡೆದ ಮನುಷ್ಯ ಅವನು. ಅಂಥವನಿಗೆ ಒಂದು ಸಲ ಜಾಗ ಸಿಕ್ಕರೆ ಮುಗಿಯಿತು. ಅದಕ್ಕೆ ರಾಲ್ಟೆಯನ್ನು ಬೈಯಬೇಡಿ, ಅಪ್ಪ. ಪುಟ್ಟು ಹೇಳಿದ, ನೀವು ಬೈದಿರಂತೆ. ಮ್ಯಾಚ್ ಮುಗಿದಾಗ ನಮ್ಮ ಸಾಲಿನವರು ಯಾರೂ ಎದ್ದು ಹೋಗಲಿಲ್ಲ. ನಿಂತುಕೊಂಡು ಚಪ್ಪಾಳೆ ತಟ್ಟಿದೆವು, ಕೈ ನೋಯುವ ತನಕ. ಆ ಡ್ರೈವರ್ ಅಣ್ಣ ಅಳುತ್ತಲೇ ತಟ್ಟುತ್ತಿದ್ದರು.

ನೀವು ಯಾವಾಗಲೂ ಕೇಳುವ ಪ್ರಶ್ನೆ ನನಗೆ ಗೊತ್ತು. "ಆ ತಂಡದಲ್ಲಿ ನಮ್ಮ ಹುಡುಗರು ಎಷ್ಟು ಜನ ಇದ್ದಾರೆ?" ಕಡಿಮೆ. ಅದು ನಿಜ, ಇನ್ನೂ ಬರಬೇಕು. ಆಸ್ಟಿನ್ ಟೌನ್‌ನಲ್ಲಿ, ಗೌತಮಪುರದಲ್ಲಿ ಬರಿಗಾಲಲ್ಲಿ ಆಡುವ ಹುಡುಗರಿಗೆ ಆ ದಾರಿ ಸಿಗಬೇಕು. ಆದರೆ ಪಂಜಾಬಿನವನು, ಮಣಿಪುರದವನು, ಕೇರಳದವನು ಬಂದು ಬೆಂಗಳೂರಿನ ಹೆಸರು ಎದೆ ಮೇಲೆ ಹಾಕಿಕೊಂಡು ಆಡಿದರೆ ಅವರು ನಮ್ಮವರೇ ಅಲ್ವಾ? ನಾನೂ ಇಲ್ಲಿ ಬೇರೆಯವರ ಊರಿನಲ್ಲಿ, ಬೇರೆಯವರ ತಂದೆ ತಾಯಿಯನ್ನು ನೋಡಿಕೊಳ್ಳುತ್ತಿದ್ದೇನೆ. ಮನಸ್ಸಿಟ್ಟೇ ನೋಡಿಕೊಳ್ಳುತ್ತೇನೆ.

ನೀವು 1968-69ರ ಸಂತೋಷ್ ಟ್ರೋಫಿ ಕಥೆ ಹೇಳಿ ನಮ್ಮನ್ನು ಬೆಳೆಸಿದವರು. ಮೈಸೂರು ರಾಜ್ಯ ಸತತ ಎರಡನೇ ಸಲ ಗೆದ್ದ ಕಥೆ. ಆಮೇಲೆ ಎಷ್ಟು ವರ್ಷ ಸುಮ್ನೆ ಹೋಯಿತು. 2012ರಲ್ಲಿ ಎಚ್‌ಎಎಲ್ ತಂಡ ಐ-ಲೀಗ್‌ನಿಂದ ಕೆಳಗಿಳಿದಾಗ ನೀವು ಪೇಪರ್ ಮಡಚಿಟ್ಟು ಊಟಕ್ಕೂ ಬರಲಿಲ್ಲ. ಬೆಂಗಳೂರಲ್ಲಿ ಇನ್ನು ಫುಟ್‌ಬಾಲ್ ಮುಗಿಯಿತು ಅಂದಿದ್ದಿರಿ. ಅದೇ ಊರಿನ ಹೆಸರನ್ನು ನಾನು ಶನಿವಾರ ದೋಹಾದ ಸ್ಕೋರ್‌ಬೋರ್ಡ್ ಮೇಲೆ ನೋಡಿದೆ, ಏಷ್ಯಾದ ಒಂದು ಫೈನಲ್‌ನಲ್ಲಿ. ಸೊನ್ನೆ ಗೋಲು ಅಂತ ಇದ್ದರೂ ನನಗೆ ಪರವಾಗಿಲ್ಲ.

ಈಗ ನಿಮ್ಮ ಹತ್ತಿರ ಒಂದು ಕೇಳುತ್ತೇನೆ. ಜನವರಿಯಲ್ಲಿ ಐ-ಲೀಗ್ ಶುರುವಾಗುತ್ತದಂತೆ. ಚಾಂಪಿಯನ್ ಆದದ್ದರಿಂದ ಮುಂದಿನ ವರ್ಷ ಏಷ್ಯಾದಲ್ಲೂ ಮತ್ತೆ ಆಡುತ್ತಾರೆ. ನೀವು ಇನ್ನೂ ಒಂದು ಸಲವೂ ಕಂಠೀರವಕ್ಕೆ ಹೋಗಿ ಈ ತಂಡವನ್ನು ನೋಡಿಲ್ಲ. ಮಂಡಿ ನೋವಿದೆ ಅನ್ನಬೇಡಿ, ಪುಟ್ಟು ಆಟೋದಲ್ಲಿ ಗೇಟ್ ತನಕ ಕರೆದುಕೊಂಡು ಹೋಗುತ್ತಾನೆ. ಅವನು ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಕೂಗುವವನು, ನಿಮಗೆ ಬೇರೆ ಸ್ಟ್ಯಾಂಡ್‌ನಲ್ಲಿ ಕೂರುವ ಟಿಕೆಟ್ ತೆಗೆಸಲು ಹೇಳಿದ್ದೇನೆ. ದುಡ್ಡು ಈ ತಿಂಗಳ ಜೊತೆಯಲ್ಲೇ ಹಾಕುತ್ತೇನೆ. ಅಮ್ಮನನ್ನೂ ಕರೆದುಕೊಂಡು ಹೋಗಿ. ಮ್ಯಾಚ್ ನೋಡಿ ಬಂದ ಮೇಲೆ ನೀವೇ ಫೋನ್ ಮಾಡಿ, ಈ ಸಲ ಬೇಗ ಇಡಬೇಡಿ.

ಅಮ್ಮನಿಗೆ ನಮಸ್ಕಾರ ಹೇಳಿ. ಬಿಪಿ ಮಾತ್ರೆ ತಪ್ಪಿಸಬೇಡಿ.

ನಿಮ್ಮ ಪ್ರೀತಿಯ ಮಗಳು