ಮೊದಲು ಹೇಳಿದವರಿಗೆ ನೋಟಿಸ್ ಕೊಡಬೇಡಿ: ದಾವಣಗೆರೆ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಾನು ದಾವಣಗೆರೆಯ ಒಂದು ಸಂಸ್ಥೆಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಮೆಕ್ಕೆಜೋಳದ ಸೀಸನ್‌ನಲ್ಲಿ ನಮಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಅಂಥದೇ ಒಂದು ಬೆಳಿಗ್ಗೆ ಪಕ್ಕದ ಟೇಬಲ್ಲಿನ ಹುಡುಗಿಯ ಕಂಪ್ಯೂಟರಿನಲ್ಲಿ ರೈತರ ಖಾತೆಯ ಫೈಲ್ ತೆರೆಯಲಿಲ್ಲ. ಹೆಸರಿನ ಕೊನೆಗೆ ಏನೇನೋ ಅಕ್ಷರ ಅಂಟಿಕೊಂಡಿದ್ದವು. ಎರಡು ಸಲ ರೀಸ್ಟಾರ್ಟ್ ಮಾಡಿ ಸುಮ್ನೆ ಕೂತಳು. "ನೀನೇ ಏನೋ ಒತ್ತಿರಬೇಕು" ಅಂತಾರೆ ಅನ್ನೋ ಭಯ. ಊಟದ ಹೊತ್ತಿಗೆ ಸರ್ವರ್‌ನ ಫೈಲುಗಳೂ ಲಾಕ್ ಆಗಿದ್ದವು. ಪರದೆ ಮೇಲೆ, ಫೈಲ್ ಬಿಡಿಸಿಕೊಳ್ಳಬೇಕಾದರೆ ಹಣ ಕೊಡಿ ಅನ್ನುವ ಇಂಗ್ಲಿಷ್ ಪತ್ರ.

ಕೌಂಟರ್ ನಿಲ್ಲಿಸೋಣ ಅಂದರೆ ಸಾಹೇಬರು ಮೀಟಿಂಗ್‌ನಲ್ಲಿದ್ದರು, ಫೋನ್ ಎತ್ತಲಿಲ್ಲ. ಬ್ಯಾಕಪ್ ಹಾರ್ಡ್ ಡಿಸ್ಕ್ ಇತ್ತು. ಆದರೆ ವರ್ಷವಿಡೀ ಸರ್ವರ್‌ಗೇ ಸಿಕ್ಕಿಸಿಟ್ಟಿದ್ದೆವು, ಅದೂ ಹೋಯ್ತು. ರಿಪೇರಿಗೆ ಬಂದವರು ಸಂಜೆಯೊಳಗೆ ಎಲ್ಲ ಫಾರ್ಮ್ಯಾಟ್ ಮಾಡಿದರು. ಕಳ್ಳ ಯಾವ ಬಾಗಿಲಿಂದ ಬಂದ ಅನ್ನೋ ಗುರುತೂ ಅಳಿಸಿತು. ಆಮೇಲೆ ಮೂರು ವಾರ ರಸೀದಿ ಪುಸ್ತಕ ಹರಡಿಕೊಂಡು ಕೂತೆವು. ಒಬ್ಬ ಅಜ್ಜ ತೂಕದ ಚೀಟಿಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಮಡಚಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಅವರ ಲೆಕ್ಕ ಉಳಿದದ್ದು ಆ ಚೀಟಿಯಿಂದ.

2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಗೇ ಹೀಗಾಗಿ, ಎಷ್ಟೋ ದಿನ ರೋಗಿಗಳ ಕೆಲಸ ಕೈಬರಹದಲ್ಲಿ ನಡೆಯಿತು. ನಮ್ಮ ಊರು 2016ರಲ್ಲೇ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಗೆ ಬಂತು. ಕೆಲಸವೆಲ್ಲ ಕಂಪ್ಯೂಟರಿಗೆ ಹೋಗುತ್ತಿದೆ. ಕೆಟ್ಟರೆ ಏನು ಮಾಡಬೇಕು ಅನ್ನೋದನ್ನ ಮಾತ್ರ ಯಾರೂ ಹೇಳಿಕೊಟ್ಟಿಲ್ಲ.

ಇಂಥ ದಾಳಿ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರ ಏಪ್ರಿಲ್‌ನಲ್ಲೇ ಆದೇಶವಾಗಿದೆ. ಲಾಗ್‌ಗಳನ್ನು, ಅಂದರೆ ಕಂಪ್ಯೂಟರಿನಲ್ಲಿ ಏನೇನು ನಡೆಯಿತು ಅನ್ನುವ ದಾಖಲೆಗಳನ್ನು, 180 ದಿನ ಇಟ್ಟುಕೊಳ್ಳಬೇಕು. ನಮ್ಮಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. ಬೆಳಿಗ್ಗೆಯ ಭಯದಲ್ಲೇ ಆ 6 ಗಂಟೆಯಲ್ಲಿ ಅರ್ಧ ಕಳೆದಿತ್ತು.

ನಾನು ಕೇಳುವುದು ಜಾಸ್ತಿ ಏನಿಲ್ಲ. ಜಿಲ್ಲೆಯ ಪ್ರತಿ ಕಚೇರಿಯ ಗೋಡೆಗೆ ಒಂದು ಹಾಳೆ ಅಂಟಿಸಲು ಹೇಳಿ, ತಾಲ್ಲೂಕು ಕಚೇರಿಗಳಿಂದಲೇ ಶುರುವಾಗಲಿ. ಅದರಲ್ಲಿ ಹೀಗಿರಲಿ: ಇಂಥದ್ದು ಕಂಡ ಕೂಡಲೇ ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ. ಕಂಪ್ಯೂಟರ್ ಮಾತ್ರ ಆಫ್ ಮಾಡಬೇಡಿ, ಮೆಮೊರಿಯಲ್ಲಿರುವ ಸುಳಿವು ಹೋಗುತ್ತದೆ. ಪರದೆಯ ಫೋಟೊ ತೆಗೆದು ಹೊತ್ತು ಬರೆದಿಡಿ. ಯಾರಿಗೆ ಫೋನ್ ಮಾಡಬೇಕು, ಅವರು ಸಿಗದಿದ್ದರೆ ಕೌಂಟರ್ ನಿಲ್ಲಿಸುವ ಅಧಿಕಾರ ಯಾರಿಗೆ, ಎಲ್ಲ ಹೆಸರು-ನಂಬರ್ ಸಮೇತ ಇರಲಿ. ಬ್ಯಾಂಕ್ ಖಾತೆಯಿಂದ ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇದು ಕಾಗದದ ಮೇಲೇ ಇರಬೇಕು. ನಂಬರ್‌ಗಳೆಲ್ಲ ಲಾಕ್ ಆದ ಕಂಪ್ಯೂಟರಿನಲ್ಲೇ ಇದ್ದರೆ ಏನು ಮಾಡೋದು, ಅಲ್ವಾ?

ಬ್ಯಾಕಪ್ ತೆಗೆದಮೇಲೆ ಡಿಸ್ಕ್ ಬಿಚ್ಚಿ ಬೀರುವಿನಲ್ಲಿಡಲಿ. ಆರು ತಿಂಗಳಿಗೊಮ್ಮೆ ಅದರಿಂದ ಫೈಲ್ ವಾಪಸ್ ತೆಗೆದು ನೋಡಲಿ.

ಆ ಹುಡುಗಿ ಈಗ ಕೆಲಸದಲ್ಲಿಲ್ಲ. ಯಾರೂ ತೆಗೆಯಲಿಲ್ಲ, ದಿನಾ ಚುಚ್ಚುಮಾತು ಕೇಳಿ ತಾನೇ ಬಿಟ್ಟಳು. ಮೊದಲು ಬಂದು ಹೇಳಿದವರಿಗೆ ನೋಟಿಸ್ ಇಲ್ಲ, ಸಂಬಳ ಹಿಡಿಯುವುದಿಲ್ಲ ಅಂತ ಆ ಹಾಳೆಯ ಮೊದಲ ಸಾಲಿನಲ್ಲೇ ಬರೆಸಿ. ಕೆಳಗೆ ನಿಮ್ಮ ಸಹಿ ಇರಲಿ.

ಇಂತಿ,
ದಾವಣಗೆರೆಯ ಒಬ್ಬ ಲೆಕ್ಕದ ಗುಮಾಸ್ತ