ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ: ವಿದೇಶಿ ಎಂಬಿಬಿಎಸ್‌ಗೆ ಹಣ ಕಟ್ಟುವ ಮೊದಲು ಕಾಗದ ನೋಡಿಕೊಡುವವರು ಬೇಕು

ಮಾನ್ಯ ಸಚಿವರೇ,

ನೀಟ್ ಫಲಿತಾಂಶ ಬರುತ್ತಿದ್ದಂತೆ ಶಿರಸಿ, ಕುಮಟಾ, ಕಾರವಾರದ ಹೋಟೆಲ್ ಹಾಲ್‌ಗಳಲ್ಲಿ ‘ವಿದೇಶದಲ್ಲಿ ಎಂಬಿಬಿಎಸ್’ ಶಿಬಿರಗಳು ಶುರುವಾಗುತ್ತವೆ. ಹೋಗುವ ತಂದೆತಾಯಂದಿರನ್ನು ದೂರುವಂತಿಲ್ಲ. ಇಡೀ ಉತ್ತರ ಕನ್ನಡ ಜಿಲ್ಲೆಗೆ ಇರುವುದು ಕಾರವಾರದ ಒಂದೇ ವೈದ್ಯಕೀಯ ಕಾಲೇಜು, 150 ಸೀಟು. ಅದಕ್ಕೂ ರಾಜ್ಯವೆಲ್ಲ ಪೈಪೋಟಿ. ಖಾಸಗಿ ಕಾಲೇಜಿನ ಖಾಸಗಿ ಸೀಟಿಗೆ ವರ್ಷಕ್ಕೇ ಹತ್ತು ಲಕ್ಷ ದಾಟುತ್ತದೆ. ರಷ್ಯಾ, ಕಿರ್ಗಿಸ್ತಾನ, ಕಜಕಸ್ತಾನದ ಸಾಧಾರಣ ವಿಶ್ವವಿದ್ಯಾಲಯಗಳಲ್ಲಿ ಫೀಸು, ಹಾಸ್ಟೆಲ್, ಊಟ, ವಿಮಾನ ಎಲ್ಲ ಸೇರಿ ಕೋರ್ಸು ಮುಗಿಯುವಷ್ಟರಲ್ಲಿ ಸುಮಾರು 25ರಿಂದ 40 ಲಕ್ಷ. ಅಗ್ಗ ಎಂಬ ಮಾತು ಸುಳ್ಳೇನಲ್ಲ. ಆದರೆ ಆ ಹಾಲ್‌ನಲ್ಲಿ ಹೇಳದೇ ಬಿಡುವ ಸಂಗತಿಗಳಿವೆ. ಅವುಗಳಲ್ಲಿ ಒಂದು ತಪ್ಪಿದರೂ ಡಿಗ್ರಿ ಕೈಗೆ ಬಂದಮೇಲೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಫ್ಲೆಕ್ಸ್ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ‘ಎನ್‌ಎಂಸಿ ಅಪ್ರೂವ್ಡ್’. ರಾಷ್ಟ್ರೀಯ ವೈದ್ಯಕೀಯ ಆಯೋಗ ಯಾವ ವಿದೇಶಿ ಕಾಲೇಜಿಗೂ ಒಪ್ಪಿಗೆ ಕೊಡುವುದಿಲ್ಲ, ಅಂಥ ಪಟ್ಟಿಯನ್ನೇ ಇಟ್ಟಿಲ್ಲ. ಆಯೋಗ ಮಾಡಿರುವುದು ನಿಯಮ. 2021ರ ನವೆಂಬರ್ 18ರಂದು ಅದು ಪ್ರಕಟವಾಯಿತು. ಕೋರ್ಸು ಕನಿಷ್ಠ 54 ತಿಂಗಳು ಇರಬೇಕು. ಅದರ ಮೇಲೆ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್. ಪಾಠ ಇಂಗ್ಲಿಷ್‌ನಲ್ಲಿ. ಆ ದೇಶದ ಪ್ರಜೆಗೆ ಸಿಗುವಂಥದೇ ವೈದ್ಯ ಪರವಾನಗಿ ನಮ್ಮ ವಿದ್ಯಾರ್ಥಿಗೂ ಅಲ್ಲಿ ಸಿಗುವಂತಿರಬೇಕು. ಸೇರಿದ ದಿನದಿಂದ ಹತ್ತು ವರ್ಷದೊಳಗೆ ಎಲ್ಲ ಮುಗಿಯಬೇಕು.

ಶಿಬಿರದಲ್ಲಿ ಕೊಡುವ ಕರಪತ್ರವನ್ನು ಇದರ ಪಕ್ಕ ಇಟ್ಟು ನೋಡಿ. ‘ಐದೇ ವರ್ಷ’ ಎಂದಿರುತ್ತದೆ. ಐದು ವರ್ಷ ಎಂದರೆ 60 ತಿಂಗಳು. ಬೇಕಿರುವುದು 54ಕ್ಕೆ 12 ಸೇರಿ 66. ಆರು ತಿಂಗಳು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ‘ಇಂಟರ್ನ್‌ಶಿಪ್ ಇಂಡಿಯಾದಲ್ಲಿ ಮಾಡಬಹುದು’ ಎಂಬ ಉತ್ತರ. ಇಲ್ಲಿಯ ಒಂದು ವರ್ಷದ ಇಂಟರ್ನ್‌ಶಿಪ್ ಬೇರೆ, ಅದು ಅಲ್ಲಿಯದಕ್ಕೆ ಬದಲಿ ಅಲ್ಲ. ಫಿಲಿಪ್ಪೀನ್ಸ್‌ನ ಎಂಡಿ (ಅಲ್ಲಿ ವೈದ್ಯರ ಮೊದಲ ಡಿಗ್ರಿಗೆ ಇದೇ ಹೆಸರು) ನಾಲ್ಕು ವರ್ಷದ್ದು, 48 ತಿಂಗಳು. ಅದಕ್ಕೆ ಮುಂಚೆ ಓದುವ ಬಿಎಸ್ ಎಂಬ ವಿಜ್ಞಾನ ಪದವಿ ಈ ಲೆಕ್ಕಕ್ಕೆ ಬರುವುದಿಲ್ಲ. ‘ಹಿಡಿಸದಿದ್ದರೆ ಎರಡನೇ ವರ್ಷ ಬೇರೆ ದೇಶಕ್ಕೆ ಟ್ರಾನ್ಸ್‌ಫರ್’ ಎಂಬ ಮಾತೂ ಅಷ್ಟೇ ಅಪಾಯದ್ದು: ಪೂರ್ತಿ ಕೋರ್ಸು ಒಂದೇ ಸಂಸ್ಥೆಯಲ್ಲಿ ಆಗಬೇಕು. ಯುದ್ಧದಿಂದಾಗಿ ಯುಕ್ರೇನ್ ವಿದ್ಯಾರ್ಥಿಗಳಿಗೆ 2022ರಲ್ಲಿ ಕೊಟ್ಟ ವಿನಾಯಿತಿಯನ್ನು ತೋರಿಸಿ ಎಲ್ಲರಿಗೂ ಹಾಗೇ ಆಗುತ್ತದೆ ಎನ್ನುವವರಿದ್ದಾರೆ. ನೀಟ್ ಬೇಡ ಎನ್ನುವವರೂ ಇದ್ದಾರೆ. 2018ರಿಂದ ನೀಟ್‌ನಲ್ಲಿ ಅರ್ಹತೆ ಇಲ್ಲದೆ ಹೊರಗೆ ಓದಿದ ವೈದ್ಯಕೀಯ ಡಿಗ್ರಿಗೆ ಇಲ್ಲಿ ಬೆಲೆಯಿಲ್ಲ. ಆ ಅಂಕ ಮೂರು ವರ್ಷ ನಡೆಯುತ್ತದೆ, ಹಾಗಾಗಿ ಗಡಿಬಿಡಿಯಲ್ಲಿ ಅದೇ ವಾರ ಅಡ್ವಾನ್ಸ್ ಕೊಡುವ ಕಾರಣವೇ ಇಲ್ಲ.

ಇನ್ನು ದುಡ್ಡಿನ ವಿಷಯ. ಘಟ್ಟದ ಮೇಲಿನವರು ತೋಟ ಇದೆ, ಸಾಲ ಸಿಗುತ್ತದೆ ಎಂದುಕೊಳ್ಳುತ್ತಾರೆ. ಶಿಕ್ಷಣ ಸಾಲ 7.5 ಲಕ್ಷ ದಾಟಿದರೆ ಬ್ಯಾಂಕ್ ಅಡಮಾನ ಕೇಳುತ್ತದೆ; ವಿದೇಶಿ ಓದಿಗೆ ಖರ್ಚಿನ ಶೇ 15ರಷ್ಟನ್ನು ಸಾಮಾನ್ಯವಾಗಿ ಮನೆಯವರೇ ಹಾಕಬೇಕು. ಸಾಲ ತೀರದಿದ್ದರೆ ಅಡಮಾನದ ಆಸ್ತಿಯನ್ನು ಕೋರ್ಟಿಗೆ ಹೋಗದೆ ಬ್ಯಾಂಕ್ ವಶಕ್ಕೆ ತೆಗೆದುಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆಯಲ್ಲಿ ಕೃಷಿ ಜಮೀನಿಗೆ ವಿನಾಯಿತಿ ಇರುವುದರಿಂದ ಅಡಿಕೆ ತೋಟದ ಪಹಣಿ ಕಂಡರೆ ಮ್ಯಾನೇಜರ್ ಹಿಂದೇಟು ಹಾಕುತ್ತಾರೆ. ತೋಟಕ್ಕೆ ಹೊಂದಿಕೊಂಡ ಬೆಟ್ಟ ಅರಣ್ಯದ್ದು, ಸೊಪ್ಪು, ದರಕು (ಒಣಎಲೆ) ತರುವ ಹಕ್ಕಷ್ಟೇ ತೋಟದವರದು. ಅತಿಕ್ರಮಣ ಜಾಗಕ್ಕಂತೂ ಕಾಗದವೇ ಇಲ್ಲ. ಬಿನ್‌ಶೇತ್ಕಿ (ಕೃಷಿಯೇತರ) ಆದ ಮನೆ, ನಿವೇಶನ ಇದ್ದವರಿಗೆ ಮಾತ್ರ ದಾರಿ ಸಲೀಸು. ಇದು ಗೊತ್ತಾಗುವುದು ಅಡ್ಮಿಷನ್ ಆದ ಮೇಲೆ. ಆಗ ಸೊಸೈಟಿಯ ಬೆಳೆಸಾಲ, ಬಂಗಾರದ ಸಾಲಕ್ಕೆ ಕೈಹಾಕಬೇಕಾಗುತ್ತದೆ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ದೇಶದೊಳಗಿನ ಆಯ್ದ ಸಂಸ್ಥೆಗಳಿಗೆ ಮಾತ್ರ. ಹೆಸರು ಒಂದೇ ಥರ ಇರುವುದರಿಂದ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕುವ ವಿದ್ಯಾಲಕ್ಷ್ಮಿ ಪೋರ್ಟಲ್‌ ಅನ್ನೂ ಇದನ್ನೂ ಬೆರೆಸಿ ಹೇಳುವುದು ನಡೆಯುತ್ತದೆ.

ಡಾಲರ್ ಫೀಸು ಇನ್ನೊಂದು. ವರ್ಷಕ್ಕೆ 5000 ಡಾಲರ್ ಎಂದಿಟ್ಟುಕೊಳ್ಳಿ. 2022ರ ಆರಂಭದಲ್ಲಿ ಡಾಲರಿಗೆ ಸುಮಾರು 75 ರೂಪಾಯಿ, ಅಂದರೆ 3.75 ಲಕ್ಷ. 2025ರ ಡಿಸೆಂಬರ್‌ನಲ್ಲಿ ರೂಪಾಯಿ 90 ಮುಟ್ಟಿತು. ಅದೇ ಫೀಸು 4.5 ಲಕ್ಷ. ಕಾಲೇಜು ಒಂದು ಪೈಸೆ ಏರಿಸದೆ 75 ಸಾವಿರ ಏರಿತು. ಫೀಸನ್ನು ವಿಶ್ವವಿದ್ಯಾಲಯದ ಖಾತೆಗೇ ಬ್ಯಾಂಕ್ ಮೂಲಕ ಕಳಿಸಿದರೆ ರಸೀದಿ ಇರುತ್ತದೆ. ಏಜೆಂಟರ ಕೈಗೆ ರೊಕ್ಕ ಕೊಟ್ಟರೆ ಅವರು ಹೇಳಿದ್ದೇ ಲೆಕ್ಕ.

ವಾಪಸು ಬಂದವರು ಇಲ್ಲಿ ವೈದ್ಯರಾಗಲು ಪಾಸಾಗಬೇಕಾದದ್ದು ಎಫ್‌ಎಂಜಿಇ ಪರೀಕ್ಷೆ: 300 ಪ್ರಶ್ನೆ, 150 ಸರಿಯಾಗಬೇಕು, ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಹಲವು ಸಲದ ಫಲಿತಾಂಶದಲ್ಲಿ ಪಾಸಾದವರು ನೂರಕ್ಕೆ ಇಪ್ಪತ್ತರ ಆಸುಪಾಸು. ಹುಡುಗರು ದಡ್ಡರೆಂದಲ್ಲ. ಮೂರನೇ ವರ್ಷದಿಂದ ವಾರ್ಡಿಗೆ ಹೋದಾಗ ರೋಗಿ ಮಾತಾಡುವುದು ರಷ್ಯನ್ ಅಥವಾ ಕಿರ್ಗಿಜ್. ‘ಹೊಟ್ಟೆನೋವು ಎಲ್ಲಿಂದ ಶುರುವಾಯಿತು, ಊಟದ ಮೊದಲೋ ನಂತರವೋ’ ಎಂದು ಕೇಳಲು ಬಾರದವನು ಮಂಚದ ಪಕ್ಕ ನಿಂತು ಬರುತ್ತಾನೆ, ಅಷ್ಟೆ. ಮೊದಲೆರಡು ವರ್ಷ ಭಾಷೆಯ ಕ್ಲಾಸಿಗೆ ಚಕ್ಕರ್ ಹೊಡೆದದ್ದು ಆರನೇ ವರ್ಷಕ್ಕೆ ತಿರುಗಿ ಬರುತ್ತದೆ. ಸಣ್ಣ ಸಂಗತಿಯೊಂದು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಜಿ.ಆರ್. ಭಟ್’, ಪಾಸ್‌ಪೋರ್ಟಿನಲ್ಲಿ ‘ಗಣಪತಿ ರಾಮಚಂದ್ರ ಭಟ್’ ಎಂದಿದ್ದರೆ ಪರೀಕ್ಷೆಯ ಅರ್ಜಿ ಅಲ್ಲೇ ನಿಲ್ಲುತ್ತದೆ. ಡಿಗ್ರಿಗೆ ಅಪೊಸ್ಟಿಲ್ (ಬೇರೆ ದೇಶಗಳಲ್ಲಿ ನಡೆಯುವಂತೆ ಆ ದೇಶದ ಸರ್ಕಾರ ಹಾಕುವ ದೃಢೀಕರಣ) ಅಥವಾ ರಾಯಭಾರ ಕಚೇರಿಯ ದೃಢೀಕರಣವನ್ನು ಅಲ್ಲಿಂದ ಹೊರಡುವ ಮೊದಲೇ ಮಾಡಿಸಬೇಕು.

ಇಷ್ಟೆಲ್ಲ ನೋಡಿಕೊಡಲು ಜಿಲ್ಲೆಯಲ್ಲಿ ಒಂದು ಮೇಜೂ ಇಲ್ಲ. ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಬೇಕು. ಓದಲು ಕಳಿಸುವವರಿಗೆ ಅದು ತಾಗುವುದಿಲ್ಲ. ಪಂಜಾಬ್ 2012ರಲ್ಲೇ ಕಾಯ್ದೆ ಮಾಡಿ ಇಂಥ ಸಲಹಾ ಕೇಂದ್ರಗಳಿಗೂ ಜಿಲ್ಲಾಧಿಕಾರಿಯ ಲೈಸೆನ್ಸ್ ಕಡ್ಡಾಯ ಮಾಡಿತು. ನಮ್ಮಲ್ಲೂ ಅಂಥದೊಂದು ಬರಲಿ ಎಂದು ತಾವು ಸಂಪುಟದಲ್ಲಿ ಎತ್ತಬೇಕು. ಕಾಯ್ದೆಗೆ ಕಾಲ ಹಿಡಿಯುತ್ತದೆ, ಮೇಜಿಗೆ ಹಿಡಿಯುವುದಿಲ್ಲ. ಕಾರವಾರ ಮತ್ತು ಶಿರಸಿಯಲ್ಲಿ ವಾರಕ್ಕೊಂದು ದಿನ ಪಿಯು ಇಲಾಖೆಯ ಒಬ್ಬರು, ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡುವ ಲೀಡ್ ಬ್ಯಾಂಕಿನ ಒಬ್ಬರು, ವೈದ್ಯಕೀಯ ಕಾಲೇಜಿನ ಒಬ್ಬರು ಕೂತು ಆಫರ್ ಲೆಟರ್, ಕೋರ್ಸಿನ ತಿಂಗಳ ಲೆಕ್ಕ, ಪರವಾನಗಿಯ ಪತ್ರ, ಅಡಮಾನದ ಕಾಗದ ನೋಡಲಿ. ನಾಲ್ಕು ಕಾಗದ, ಅರ್ಧ ಗಂಟೆ.

ಇನ್ನೊಂದು ಬೇಡಿಕೆ ಪಾಸಾಗಿ ಬಂದವರ ಬಗ್ಗೆ. ಕಾಲೇಜಿನ ಸೀಟಿನ ಶೇ 7.5ರಷ್ಟು ವಿದೇಶಿ ಪದವೀಧರರನ್ನು ಹೆಚ್ಚುವರಿ ಇಂಟರ್ನ್‌ಗಳಾಗಿ ತೆಗೆದುಕೊಳ್ಳಬಹುದು, ಸ್ಟೈಪೆಂಡ್ ಇಲ್ಲಿಯವರಿಗೆ ಸಮನಾಗಿರಬೇಕು ಎಂದು 2022ರ ಮಾರ್ಚ್‌ನಲ್ಲಿ ಆಯೋಗ ಸುತ್ತೋಲೆ ಹೊರಡಿಸಿತ್ತು. 150ಕ್ಕೆ ಅದು 11. ಮಣಿಪಾಲ, ಹುಬ್ಬಳ್ಳಿ, ಗೋವಾಕ್ಕೆ ರೋಗಿಗಳನ್ನು ಆ್ಯಂಬುಲೆನ್ಸ್‌ನಲ್ಲಿ ಸಾಗಿಸುವ ಜಿಲ್ಲೆಗೆ ಹನ್ನೊಂದು ಯುವ ವೈದ್ಯರು ಕಡಿಮೆಯಲ್ಲ. ಆ ಸ್ಥಾನಗಳನ್ನು ಕಾರವಾರದಲ್ಲಿ ಪ್ರತಿವರ್ಷ ಪೂರ್ತಿ ತುಂಬಿಸಲು ಸೂಚಿಸಿ.

ನೀಟ್ ಮೇ ತಿಂಗಳಲ್ಲಿ, ಫಲಿತಾಂಶ ಜೂನ್‌ನಲ್ಲಿ. ಹೋಟೆಲ್ ಹಾಲ್‌ಗಳು ಅದಕ್ಕೂ ಮೊದಲೇ ಬುಕ್ ಆಗುತ್ತವೆ. ತಾವು ನಡೆಸುವ ಮುಂದಿನ ಕೆಡಿಪಿ (ಜಿಲ್ಲೆಯ ಪ್ರಗತಿ ಪರಿಶೀಲನೆ) ಸಭೆಯ ಕಾರ್ಯಸೂಚಿಯಲ್ಲಿ ಕಾಗದ ನೋಡುವ ಮೇಜು, ಇಂಟರ್ನ್ ಸ್ಥಾನ ಈ ಎರಡು ವಿಷಯ ಸೇರಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಶಿರಸಿ, ಕುಮಟಾ, ಕಾರವಾರದ ಕೆಲವು ಪಿಯು ಉಪನ್ಯಾಸಕರು ಹಾಗೂ ನಿವೃತ್ತ ಬ್ಯಾಂಕ್ ಅಧಿಕಾರಿಗಳು